ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ

ಬಸವನಗುಡಿಯ ಅಕ್ಕನ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದಾಗ, ಅವಳ ಮಗಳು ಪುಸ್ತಕದಿಂದ ತಲೆಯೆತ್ತಿ, ‘ಮಾಮ, ಒನ್ಸ್ ಇನ್ ಎ ಬ್ಲೂ ಮೂನ್ ಅಂದರೆ ಚಂದ್ರ ನೀಲಿಯಾಗುತ್ತಾನಾ?’ ಎಂದು ಕೇಳಿದಳು. ಬಹಳ ಅಪರೂಪಕ್ಕೆ ಎಂದಷ್ಟೇ ಅದರ ಅರ್ಥ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಗೆ ಆ ಹೆಸರಿದ್ದರೂ ಚಂದ್ರನ ಬಣ್ಣವೇನೂ ಬದಲಾಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಹಾಗಾಗಿತ್ತು, ನಮ್ಮ ಪಂಚಾಂಗದಲ್ಲಿ ಅಧಿಕ ಶ್ರಾವಣ ಬಂದದ್ದೂ ಅದೇ ವರ್ಷ. ಚಾಂದ್ರಮಾಸವು ಕ್ಯಾಲೆಂಡರಿನ ತಿಂಗಳಿಗಿಂತ ತುಸು ಚಿಕ್ಕದಾದ್ದರಿಂದ ಎರಡೂ ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಒದಗುತ್ತವೆ. ನಾವಾದರೋ (ಎಂಥ ಧಾರಾಳ!) ತಿಂಗಳು ತಪ್ಪದೆ ಬರುವುದನ್ನೇ ಅಪರೂಪವೆಂದು ಭಾವಿಸಿ ‘ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ’ ಎನ್ನುತ್ತೇವೆ ಎಂದು ನಾನು ವಿವರಿಸುತ್ತಿರುವಾಗಲೇ ಅಡುಗೆಮನೆಯಿಂದ ಅಕ್ಕ ಕೂಗಿದಳು: ‘ನೀನು ಅಮಾವಾಸ್ಯೆಗಾದರೂ ಬಂದಿದ್ದರೆ ಸಾಕಿತ್ತು.’