ಹುಳಿ ಉಳಿಸುವ ಊರು

ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಅಂದ್ರೆ ಸಿಹಿ. ಥಾಮ್ಸನ್ ತಳಿಯ ಗೊನೆಯಲ್ಲಿ ಬ್ರಿಕ್ಸ್, ಅಂದ್ರೆ ಸಕ್ಕರೆ ಅಂಶದ ಅಳತೆ, 22 ದಾಟಲಿ ಅಂತ ಕಾಯುತ್ತೇವೆ. ಆಮೇಲೆ ಕೊಯ್ದು, ಶೆಡ್ಡಿನ ಬಲೆ ಮೇಲೆ ಒಣಗಿಸಿ ಮಣೂಕ ಮಾಡುತ್ತೇವೆ. ಸಿಹಿ ಕಡಿಮೆಯಾದ್ರೆ ಮಣೂಕಕ್ಕೆ ತೂಕವೇ ಬರಲ್ಲ. ಹಂಗಾಗಿ ನನ್ನ ತಮ್ಮ ಪುಣೆಯಿಂದ ಒಂದು ಬಾಟಲಿ ಶಾಬ್ಲಿ ವೈನ್ ತಂದಾಗ, ಮೊದಲ ಗುಟುಕಿಗೇ ಕಾಕಾ ಹೇಳಿದರು: "ಹುಳಿ ಐತಲ್ಲೋ ತಮ್ಮಾ. ಇನ್ನೊಂದು ಹದಿನೈದು ದಿನ ಬಳ್ಳಿ ಮ್ಯಾಲ ಬಿಡಬೇಕಾಗಿತ್ತು."

ನಲವತ್ತು ವರ್ಷ ದ್ರಾಕ್ಷಿ ಪಡ ಮಾಡಿದವರ ಮಾತು ಅದು. ಆದರೆ ನನಗೆ ಆ ವೈನ್ ಹಿಡಿಸಿದ್ದೇ ಆ ಹುಳಿಗೆ. ಹಸಿರು ಸೇಬು ಕಚ್ಚಿದ ಹಾಗೆ, ನಿಂಬೆ ಸಿಪ್ಪೆ ಮುರಿದ ಹಾಗೆ. ಕೊನೆಗೆ ನಾಲಿಗೆ ಮೇಲೆ ಮಳೆ ನೆನೆದ ಕಲ್ಲಿನ ನೆನಪು. ಬಣ್ಣವೂ ತೆಳು, ತುಸು ಹಸಿರು ಛಾಯೆ. ಅವತ್ತು ಕೊಲ್ಹಾರದಿಂದ ತಂದ ಹೊಳೆ ಮೀನನ್ನು ರವೆ ಹಚ್ಚಿ ಕರಿದಿದ್ದೆವು. ಅದರ ಮೇಲೆ ನಿಂಬೆ ಹಿಂಡೋದೇ ಬೇಕಾಗಲಿಲ್ಲ.

ಶಾಬ್ಲಿ ಅನ್ನೋದು ಊರಿನ ಹೆಸರು. ಫ್ರಾನ್ಸಿನ ಬರ್ಗಂಡಿ ಸೀಮೆಯ ಉತ್ತರದ ತುದಿಯಲ್ಲಿದೆ. ಬಳ್ಳಿ ಒಂದೇ ತಳಿ, ಶಾರ್ಡೊನೆ. ಇದೇ ಶಾರ್ಡೊನೆ ಬಿಸಿಲು ನಾಡಿನಲ್ಲಿ ಬೆಳೆದರೆ ಅನಾನಸ್ಸು, ಮಾವಿನ ವಾಸನೆ ಕೊಡುತ್ತದೆ. ಓಕ್ ಪೀಪಾಯಿಯಲ್ಲಿಟ್ಟರೆ ವೆನಿಲ್ಲಾ ಪರಿಮಳವೂ ಸೇರುತ್ತದೆ. ಶಾಬ್ಲಿಯವರು ಹೆಚ್ಚಿನದನ್ನು ಸ್ಟೀಲ್ ಟ್ಯಾಂಕಿನಲ್ಲೇ ಮಾಡುತ್ತಾರೆ. ಹಣ್ಣಿನ ರುಚಿ ಮುಚ್ಚಿಹೋಗಬಾರದು, ಅಷ್ಟೇ.

ಹುಳಿ ಉಳಿಯೋದು ಚಳಿಯಿಂದ. ಬಿಸಿ ಜಾಸ್ತಿ ಇದ್ದರೆ ದ್ರಾಕ್ಷಿ ಮಾಗುವಾಗ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಉಸಿರಾಟದಲ್ಲಿ ಬೇಗ ಖರ್ಚು ಮಾಡಿಬಿಡುತ್ತದೆ. ನಮ್ಮಲ್ಲಿ ಮಾರ್ಚ್ ಬಿಸಿಲಿಗೆ ಆಗೋದು ಅದೇ. ಶಾಬ್ಲಿಯಲ್ಲಿ ರಾತ್ರಿ ತಂಪು, ಹಾಗಾಗಿ ಹುಳಿ ನಿಲ್ಲುತ್ತದೆ. ಅಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿದು ಬಳ್ಳಿ ಸವರಬೇಕು.

ಆದರೆ ಅದೇ ಚಳಿ ಅವರಿಗೆ ಕಣ್ಣೀರು ಹಾಕಿಸುತ್ತದೆ ಕೂಡ. ಏಪ್ರಿಲ್‌ನಲ್ಲಿ ಚಿಗುರು ಬಂದ ಮೇಲೆ ಒಂದು ರಾತ್ರಿ ಹಿಮ ಬಿದ್ದರೆ ಬೆಳೆ ಹೋದಂಗೆ. 2021ರಲ್ಲಿ ಫ್ರಾನ್ಸಿನ ತೋಟಗಳಿಗೆಲ್ಲಾ ಹೀಗೇ ದೊಡ್ಡ ಪೆಟ್ಟು ಬಿತ್ತು. ಸಾಲಿನ ನಡುವೆ ದೊಡ್ಡ ದೊಡ್ಡ ಮೇಣದ ಡಬ್ಬಿ ಹಚ್ಚಿ ಬೆಳತನಕ ಕಾಯುತ್ತಾರೆ. ಕೆಲವರು ಸ್ಪ್ರಿಂಕ್ಲರ್ ಬಿಟ್ಟು ಚಿಗುರಿನ ಮೇಲೆ ನೀರೇ ಹೆಪ್ಪುಗಟ್ಟುವ ಹಾಗೆ ಮಾಡುತ್ತಾರೆ. ನೀರು ಮಂಜಾಗುವಾಗ ಬಿಡುವ ಶಾಖ ಒಳಗಿನ ಚಿಗುರನ್ನು ಸೊನ್ನೆ ಡಿಗ್ರಿ ಹತ್ತಿರ ಹಿಡಿದಿಡುತ್ತದೆ. ನೀರು ನಡುವೆ ನಿಲ್ಲಬಾರದು. ಇದನ್ನು ಓದುವಾಗ ಒಂದು ಮಾರ್ಚ್ ರಾತ್ರಿ ನೆನಪಾಯ್ತು. ಅಕಾಲದ ಮಳೆ, ಶೆಡ್ಡಿನಲ್ಲಿ ಅರ್ಧ ಒಣಗಿದ ಮಾಲು, ನಾನೂ ಕಾಕಾನೂ ಎರಡು ಗಂಟೆಗೆ ತಾಡಪತ್ರಿ ಎಳೀತಾ ಇದ್ದದ್ದು. ಆ ಸಲ ಮಣೂಕ ಕಪ್ಪಾಯ್ತು.

ಇನ್ನು ನೆಲ. ಕಿಮ್ಮರಿಜಿಯನ್ ಅಂತಾರೆ: ಸುಣ್ಣದ ಕಲ್ಲು, ಜೇಡಿ, ಮಧ್ಯೆ ಮಧ್ಯೆ ಅಲ್ಪವಿರಾಮದ ಹಾಗೆ ಬಾಗಿದ ಪುಟ್ಟ ಸಿಂಪಿ ಚಿಪ್ಪುಗಳು. ಸುಮಾರು 15 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರ ಇತ್ತು. ನನ್ನ ಅಜ್ಜಿ ಊರು ಬಾಗಲಕೋಟೆ ಜಿಲ್ಲೆಯ ಲೋಕಾಪುರ. ಅಲ್ಲೂ ಸುಣ್ಣದ ಕಲ್ಲೇ. ಚಿಕ್ಕಂದಿನಲ್ಲಿ ಅದನ್ನು ಒಡೆದು ಆಡಿದ್ದೇನೆ, ಒಂದು ಚಿಪ್ಪೂ ಸಿಕ್ಕಿರಲಿಲ್ಲ. ಕಾರಣ ಈಗ ಗೊತ್ತಾಯ್ತು. ನಮ್ಮ ಕಲ್ಲು ಚಿಪ್ಪಿನ ಜೀವಿಗಳು ಭೂಮಿಗೆ ಬರೋ ಮೊದಲೇ ಆದದ್ದು. ಶಾಬ್ಲಿಯದಕ್ಕಿಂತ ಎಷ್ಟೋ ಪಟ್ಟು ಹಳೇದು! ಇದು ತಿಳಿದ ದಿನ ನನಗೆ ತುಂಬಾ ಖುಷಿಯಾಯ್ತು.

ಕಲ್ಲಿನ ರುಚಿ ಬೇರಿನಿಂದ ನೇರ ವೈನಿಗೆ ಬರುತ್ತೆ ಅನ್ನೋದನ್ನು ವಿಜ್ಞಾನಿಗಳು ಒಪ್ಪಲ್ಲ. ನೀರು ಬಸಿಯೋದು, ಇಳಿಜಾರು, ಬಿಸಿಲು ಬೀಳೋ ದಿಕ್ಕು ಇವು ಮುಖ್ಯ. ಶಾಬ್ಲಿಯ ಏಳು ಗ್ರಾಂ ಕ್ರೂ (ಅತಿ ಮೇಲಿನ ದರ್ಜೆಯ) ತೋಟಗಳೂ ಸೆರಾಂ ಹೊಳೆಯ ಬಲದಂಡೆಯ ಒಂದೇ ಗುಡ್ಡದ ಮೇಲಿವೆ, ನೈರುತ್ಯಕ್ಕೆ ಮುಖ ಮಾಡಿ. ಎಲ್ಲಾ ಸೇರಿ ಸುಮಾರು 100 ಹೆಕ್ಟೇರ್ ಅಷ್ಟೇ.

ಈ ಸಲ ಕೊಯ್ಲಿಗೆ ಮೊದಲು ಒಂದು ಸಾಲನ್ನು ದಿನಾ ಮುಂಜಾನೆ ತಿಂದು ನೋಡಿದೆ. ಬ್ರಿಕ್ಸ್ 17ರಲ್ಲಿ ಹುಳಿ ಚೆನ್ನಾಗಿತ್ತು, 20ಕ್ಕೆ ಬರೋ ಹೊತ್ತಿಗೆ ಹುಡುಕಬೇಕಾಯ್ತು. ಒಂದು ದಿನ ಕಾಕಾ ತಾವೇ ಬ್ರಿಕ್ಸ್ ಅಳೆಯೋ ರಿಫ್ರಾಕ್ಟೋಮೀಟರ್ ಕೈಗೆ ತಗೊಂಡು, ಒಂದು ಕಾಯಿ ಬಾಯಿಗೆ ಹಾಕ್ಕೊಂಡು ಕೇಳಿದರು: "ಇವತ್ತ ಎಷ್ಟ್ ಉಳದೈತಿ ಹುಳಿ?"