ನೂರ ಅರವತ್ಮೂರು ಪಫ್

8 ನವೆಂಬರ್ 2025, ಶನಿವಾರ
ರೆಡಿಂಗ್, ಇಂಗ್ಲೆಂಡ್

ರಾತ್ರಿ ಹತ್ತೂವರೆ. ಹೊರಗೆ ಪಟಾಕಿ ಇನ್ನೂ ನಿಂತಿಲ್ಲ. ಇಲ್ಲಿ ನವೆಂಬರ್ 5ಕ್ಕೆ ಬಾನ್‌ಫೈರ್ ನೈಟ್. ಈ ಸಲ ಅದು ಬುಧವಾರ ಬಂತು, ಹಾಗಾಗಿ ನಮ್ಮ ಬೀದಿಯವರು ಅರ್ಧ ಪಟಾಕಿಯನ್ನು ಶನಿವಾರಕ್ಕೆ ಎತ್ತಿಟ್ಟುಕೊಂಡಿದ್ದರು. ಕಿಟಕಿ ಹಾಕಿದ್ದರೂ ಮನೆಯೊಳಗೆ ಮದ್ದಿನ ವಾಸನೆ.

ಟೇಬಲ್ ಮೇಲೆ ಹೊಸ ವೇಪ್, ಅಂದರೆ ಇ-ಸಿಗರೇಟು, ಕೂತಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಕಡು ಹಸಿರು, ಒಂದು ಬದಿಗೆ ಹೆಬ್ಬೆರಳಿನ ಉಗುರಿನಷ್ಟು ಸ್ಕ್ರೀನ್. ಅದರಲ್ಲಿ 163 ಅಂತ ತೋರಿಸುತ್ತಿದೆ. ಬೆಳಿಗ್ಗೆಯಿಂದ ನಾನು ಎಳೆದ ಪಫ್‌ಗಳ ಲೆಕ್ಕ. ಲೆಕ್ಕ ಇಡು ಅಂತ ನಾನೇನೂ ಹೇಳಿರಲಿಲ್ಲ.

ಸಿಗರೇಟು ಬಿಡಬೇಕು ಅಂತ ನಾನು ತೀರ್ಮಾನಿಸಿ ನಿನ್ನೆಗೆ ಹದಿನಾಲ್ಕು ತಿಂಗಳಾಯಿತು. 2024ರ ಸೆಪ್ಟೆಂಬರ್ 7, ಗಣೇಶ ಚತುರ್ಥಿ. ಆವತ್ತು ಬೆಳಿಗ್ಗೆ ಸ್ನಾನ ಮಾಡಿ, ಪಂಚೆ ಉಟ್ಟು, ಪೂಜೆಗೆ ಇನ್ನೂ ಹತ್ತು ನಿಮಿಷ ಇದೆ ಅಂತ ಹಿತ್ತಲಿಗೆ ಹೋಗಿ ಒಂದು ಹಚ್ಚಿದೆ. ಒಳಗೆ ಬಂದು ಮಂಗಳಾರತಿ ಎತ್ತಿದಾಗ ಪಕ್ಕದಲ್ಲಿ ನಿಂತಿದ್ದ ಮಗಳು ಮೂಗು ಮುಚ್ಚಿಕೊಂಡಳು. ಏನೂ ಹೇಳಲಿಲ್ಲ. ಬೈದಿದ್ದರೆ ಬಹುಶಃ ಬಿಡುತ್ತಿರಲಿಲ್ಲ.

ಮುಂದಿನ ವಾರ ಇಲ್ಲಿನ ಕೌನ್ಸಿಲ್ ನಡೆಸುವ, ಸಿಗರೇಟು ಬಿಡಿಸುವ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ನರ್ಸ್ ಒಂದು ಮೆಷಿನ್ ಕೊಟ್ಟು, ಉಸಿರು ಹಿಡಿದು ಊದಿ ಅಂದರು. ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಮೆಷಿನ್ ಅದು. ನನ್ನದು 19 ಬಂತು. ಕೆಂಪು ಲೈಟು. ಅವರೇ ಒಂದು ವೇಪ್ ಕಿಟ್ಟೂ ಕೊಟ್ಟರು, ಪುಕ್ಕಟೆ. ನಾಲ್ಕು ವಾರ ಬಿಟ್ಟು ಊದಿದಾಗ 2 ಬಂತು, ಹಸಿರು ಲೈಟು. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಕೂಡ ನಾನು ಅಷ್ಟು ಹಿಗ್ಗಿರಲಿಲ್ಲ. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ. ದ್ರವ ಕಾದು ಆವಿಯಾಗುತ್ತದೆ ಅಷ್ಟೆ. ಅದಕ್ಕೇ ಹೊಗೆಯ ಅಂಟು ಜಿಡ್ಡಾದ ಟಾರ್ ಇಲ್ಲ, ಮೊನಾಕ್ಸೈಡ್ ಇಲ್ಲ. ಆದರೆ ನಿಕೋಟಿನ್ ಇದ್ದೇ ಇದೆ. ಚಟ ಇರುವುದು ಅದರಲ್ಲೇ.

ಇಲ್ಲಿ ಸರ್ಕಾರವೇ ವೇಪ್ ಕೈಗಿಡುತ್ತದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. 10 ಲಕ್ಷ ಜನಕ್ಕೆ ಇಂಥ ಕಿಟ್ ಕೊಡುತ್ತೇವೆ ಅಂತ 2023ರಲ್ಲಿ ಘೋಷಣೆಯೇ ಆಗಿತ್ತು. ಕರ್ನಾಟಕದಲ್ಲಿ ಇದು 2016ರಿಂದಲೇ ಬಂದ್. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರುವ ಹಾಗಿಲ್ಲ, ಹೊರಗಿನಿಂದ ತರುವ ಹಾಗಿಲ್ಲ. ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಶಾಲೆ ಮಕ್ಕಳ ಕೈಗೆ ಹೋಗಬಾರದು ಅನ್ನುವ ಭಯ ನನಗೂ ಅರ್ಥವಾಗುತ್ತದೆ, ನನಗೂ ಮಗಳಿದ್ದಾಳೆ. ಆದರೆ ಬೀಡಿ ಸಿಗರೇಟು ಮೂಲೆ ಮೂಲೆಯಲ್ಲಿ ಸಿಗುವ ಊರಲ್ಲಿ, ಅದನ್ನು ಬಿಡಲು ಒದ್ದಾಡುತ್ತಿರುವವನ ಕೈಯಲ್ಲಿ ಇದೊಂದು ಮಾತ್ರ ಇರಬಾರದು ಅನ್ನುವುದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇರಲಿ, ಈ ಜಗಳ ಭಾವನ ಜೊತೆ ಹೇಗೂ ಆಗುವುದಿದೆ.

ವಿಷಯ ಏನೆಂದರೆ, ಇನ್ನು 24 ದಿನಕ್ಕೆ ನಾನು ದಾವಣಗೆರೆಗೆ ಹೊರಡುತ್ತೇನೆ. ಅಕ್ಕನ ಮಗಳ ಮದುವೆ. ಸೋದರಮಾವ ನಾನೊಬ್ಬನೇ. ಹೆಣ್ಣನ್ನು ಮಂಟಪಕ್ಕೆ ಕರೆತರುವವನು ನಾನು. ವೇಪ್ ಒಯ್ಯುವ ಹಾಗಿಲ್ಲ. ಮೂರು ವಾರ. ಪಿ.ಬಿ. ರಸ್ತೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ತಿಂದು, ಖಾರಕ್ಕೆ ಮೂಗು ಸುರಿಯುತ್ತಿರುವಾಗ ಟೀ ಬರುತ್ತದೆ. ಟೀ ಜೊತೆಗೆ ಭಾವ ಪ್ಯಾಕ್ ತೆಗೆಯುತ್ತಾರೆ. ಆಗ ನಾನೇನು ಮಾಡುತ್ತೇನೆ? ಇದನ್ನು ಯೋಚಿಸಿಯೇ ಈ ಹೊಸದನ್ನು ತಂದಿದ್ದು.

ಇಷ್ಟು ದಿನ ನಾನು ಬಳಸಿದ್ದೆಲ್ಲ ತುಂಬಿಸಿಯೇ ಬರುವಂಥವು. ಜೂನ್ 1ರಿಂದ ಇಲ್ಲಿ ಒಂದೇ ಸಲ ಬಳಸಿ ಎಸೆಯುವ ವೇಪ್ ಮಾರುವುದು ನಿಂತಿತು. ಬ್ಯಾಟರಿ ಸಮೇತ ಕಸಕ್ಕೆ ಹೋಗುತ್ತಿದ್ದವು, ಒಳ್ಳೇದೇ ಆಯಿತು. (ಮೇ ತಿಂಗಳ ಕೊನೆಯಲ್ಲಿ ನಾನು ಹತ್ತು ಕೊಂಡು ಸಾಕ್ಸ್ ಡ್ರಾಯರಿನಲ್ಲಿ ಅಡಗಿಸಿದ್ದು ಬೇರೆ ಮಾತು.) ಆಮೇಲೆ ದ್ರವ ತುಂಬಿದ ಪಾಡ್ ಮಾತ್ರ ಬದಲಾಯಿಸುವಂಥದ್ದು ತಗೊಂಡೆ. ಅದರ ಪಾಡ್ ನನಗೆ ಹತ್ತಿರದ ಅಂಗಡಿಯಲ್ಲಿ 20 ಮಿಲಿಗ್ರಾಂ ನಿಕೋಟಿನ್ ಇರುವುದು ಬಿಟ್ಟು ಬೇರೆ ಸಿಗಲೇ ಇಲ್ಲ. ಇಲ್ಲಿ ಕಾನೂನು ಬಿಡುವುದೇ ಅಷ್ಟು, ಒಂದು ಎಂಎಲ್‌ಗೆ 20 ಮಿಲಿಗ್ರಾಂ. ನಾವೇ ತುಂಬಿಸಿಕೊಳ್ಳುವ ವೇಪ್ ಆದರೆ 20ರಿಂದ 10ಕ್ಕೆ, 10ರಿಂದ 6ಕ್ಕೆ, 3ಕ್ಕೆ ಅಂತ ಇಳಿಸಬಹುದು. ದ್ರವದ ಬಾಟಲಿ 3 ಪೌಂಡ್ 99. ಸಿಗರೇಟಾದರೆ ಇಪ್ಪತ್ತರ ಪ್ಯಾಕಿಗೆ 15 ಪೌಂಡ್ ಕೊಟ್ಟರೂ ಸಾಲದು. ಮುಂದಿನ ಅಕ್ಟೋಬರಿನಿಂದ 10 ಎಂಎಲ್ ಬಾಟಲಿಗೆ 2 ಪೌಂಡ್ 20 ಪೆನ್ಸ್ ತೆರಿಗೆ ಬೀಳುತ್ತದೆ. ಅಷ್ಟರೊಳಗೆ ಬಿಟ್ಟಿರಬೇಕು. ಜಿಪುಣತನ ನನಗೆ ಹಿಂದೆಯೂ ಉಪಕಾರ ಮಾಡಿದೆ.

ಅಂಗಡಿಯ ಹುಡುಗ ಮೂರು ರುಚಿ ತೋರಿಸಿದ. ತಂಬಾಕಿನದು ಮಳೆಗೆ ನೆನೆದ ಗೋಣಿಚೀಲದ ಹಾಗಿತ್ತು. ಮಾವಿನದು ಮಕ್ಕಳ ಕೆಮ್ಮಿನ ಸಿರಪ್ಪು. ಮೆಂಥಾಲ್ ಎಳೆದರೆ ಗಂಟಲೊಳಗೆ ಅಮೃತಾಂಜನ ಹಚ್ಚಿದ ಹಾಗೆ. ಮೆಂಥಾಲ್ ತಗೊಂಡೆ. ನೆಗಡಿಗಾದರೂ ಆದೀತು.

ಮನೆಗೆ ಬಂದು ತುಂಬಿಸಲು ಕೂತೆ. ಪಾಡ್ ಅಂದರೆ ಹೊಗೆ ಬಣ್ಣದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, 2 ಎಂಎಲ್ ಹಿಡಿಯುತ್ತದೆ. ಬದಿಯ ರಬ್ಬರ್ ಮುಚ್ಚಳವನ್ನು ಉಗುರಿನಲ್ಲಿ ಎತ್ತಿದೆ, ಬಾಟಲಿಯ ಮೂತಿ ಸಿಕ್ಕಿಸಿ ಮೆಲ್ಲಗೆ ಒತ್ತಿದೆ. ಕೊಬ್ಬರಿ ಎಣ್ಣೆಯ ಹಾಗೆ ಜಾರಿಕೊಂಡು ಇಳಿಯಿತು, ಗುಳ್ಳೆ ಎದ್ದವು. ಬೆಳಕಿಗೆ ಹಿಡಿದರೆ ಮಧ್ಯದಲ್ಲಿ ದ್ರವ ಕಾಯಿಸುವ ತಂತಿಯ ಕಾಯಿಲ್, ಅದಕ್ಕೆ ತಾಗಿಕೊಂಡು ಬಿಳಿ ಹತ್ತಿ. ತುಂಬಿಸಿದ ಮೇಲೆ ಹತ್ತು ನಿಮಿಷ ಕಾಯಿರಿ ಅಂತ ಚೀಟಿಯಲ್ಲಿ ಬರೆದಿತ್ತು. ಹದಿನೆಂಟು ವರ್ಷ ಸೇದಿದವನಿಗೆ ಚೀಟಿ ಓದಿ ಕಲಿಯಬೇಕಾ? ಎರಡು ನಿಮಿಷಕ್ಕೇ ಎಳೆದೆ.

ಅಬ್ಬಾ. ಒಲೆ ಮೇಲೆ ಮರೆತ ಮಸಿಬಟ್ಟೆ ಹೊತ್ತಿಕೊಂಡ ವಾಸನೆ ನೇರ ಗಂಟಲಿಗೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಒಣ ಹತ್ತಿ ಸುಟ್ಟಿತ್ತು. ಒಂದು ಸಲ ಸುಟ್ಟರೆ ಆ ಕಾಯಿಲ್ ಮುಗಿಯಿತು, ಪಾಡ್ ಸಮೇತ ಎಸೆಯಬೇಕು.

ನನಗೆ ಸಿಟ್ಟು ಬಂದಿದ್ದು ಇದು ಗೊತ್ತಿಲ್ಲದ ವಿಷಯ ಅಲ್ಲ ಅಂತ. ಚಿಕ್ಕವನಿದ್ದಾಗ ದೀಪಾವಳಿಗೆ ಹಣತೆ ಹಚ್ಚಲು ಆತುರ ಮಾಡಿದರೆ ಅಮ್ಮ ಕೈ ಹಿಡಿದು ನಿಲ್ಲಿಸುತ್ತಿದ್ದಳು. "ತಡಿಯೋ, ಬತ್ತಿ ಎಣ್ಣೆ ಕುಡೀಲಿ." ನೆನೆಯದ ಬತ್ತಿ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಹಣತೆಯೂ ಅದೇ, ಈ ಇಪ್ಪತ್ತು ಪೌಂಡಿನ ವೇಪೂ ಅದೇ. ಎರಡನೇ ಪಾಡ್ ತುಂಬಿಸಿಟ್ಟು ಟೀಗೆ ನೀರಿಟ್ಟೆ. ಟೀ ಕುಡಿದು, ಲೋಟ ತೊಳೆದು, ಆಮೇಲೆ ಮುಟ್ಟಿದೆ.

ಈ ಸಲ ಸರಿ ಬಂತು. ಗಾಳಿಯ ತೂತಿಗೆ ಜಾರಿಸುವ ಒಂದು ಪುಟ್ಟ ಮುಚ್ಚಳ ಇದೆ. ಅದನ್ನು ಮುಕ್ಕಾಲು ಮುಚ್ಚಿದರೆ ಎಳೆತ ಬಿಗಿಯಾಗುತ್ತದೆ, ಥೇಟ್ ಸಿಗರೇಟಿನ ಹಾಗೆ. ಗಂಟಲಿಗೆ ಆ ಸಣ್ಣ ಹೊಡೆತವೂ ಸಿಕ್ಕಿತು. ಮೊದಲ ಹತ್ತು ನಿಮಿಷ ಬಹಳ ಖುಷಿಯಲ್ಲಿದ್ದೆ.

ಮಧ್ಯಾಹ್ನ ಅಮ್ಮನ ವಿಡಿಯೋ ಕಾಲ್ ಬಂತು. ಕೈಯಲ್ಲಿದ್ದದ್ದನ್ನು ಮೇಜಿನ ಕೆಳಗೆ ಹಿಡಿದೆ, ಆದರೆ ಎಳೆದಿದ್ದನ್ನು ಬಿಡಬೇಕಲ್ಲ.

"ಏನೋ ಅದು, ಮುಖದ ಮುಂದೆ ಹೊಗೆ ಐತಲ್ಲ?"

"ಇಲ್ಲಿ ಸಿಕ್ಕಾಪಟ್ಟೆ ಚಳಿ ಅಮ್ಮ. ಬಾಯಿಂದ ಆವಿ ಬರುತ್ತೆ."

"ಮನಿ ಒಳಗೇ ಕುಂತಿಯಲ್ಲೋ."

ನಾನು ಸೇದುತ್ತಿದ್ದದ್ದು ಅವಳಿಗೆ ಗೊತ್ತಿಲ್ಲ ಅಂತ ಹದಿನೆಂಟು ವರ್ಷ ನಾನು ನಂಬಿದ್ದೇನೆ. ಗೊತ್ತಿಲ್ಲದ ಹಾಗೆ ಇರುವುದು ಅವಳ ದೊಡ್ಡಸ್ತಿಕೆ ಇರಬೇಕು. ಮಾತು ಸೀರೆ, ಛತ್ರದ ಕಡೆ ಹೊರಳಿತು.

ಸಂಜೆ ನಾಲ್ಕೂವರೆಗೇ ಕತ್ತಲಾಯಿತು. ಆಗ ಸ್ಕ್ರೀನ್ ನೋಡಿದರೆ 88. ನಾನು ಇಪ್ಪತ್ತೋ ಮೂವತ್ತೋ ಅಂದುಕೊಂಡಿದ್ದೆ. ಸೇದುವ ಕಾಲದಲ್ಲಿ ದಿನಕ್ಕೆ ಹತ್ತು ಸಿಗರೇಟು, ಒಂದಕ್ಕೆ ಹತ್ತು ಹನ್ನೆರಡು ದಮ್. ಎಲ್ಲ ಸೇರಿ ನೂರು ನೂರಿಪ್ಪತ್ತು. ಇವತ್ತು ಅದನ್ನು ದಾಟಿಬಿಟ್ಟಿದ್ದೇನೆ. ಒಂದು ಪಫ್ಫೂ ಒಂದು ದಮ್ಮೂ ಸಮ ಅಲ್ಲ, ಒಪ್ಪುತ್ತೇನೆ. ಆದರೂ ಕೈ ಅಷ್ಟು ಸಲ ಬಾಯಿಗೆ ಹೋಗಿದೆಯಲ್ಲ.

ಸಿಗರೇಟು ಮುಗಿಯುತ್ತಿತ್ತು. ಅದರದ್ದು ಅದೊಂದು ಒಳ್ಳೆ ಗುಣ. ಬೆರಳಿಗೆ ಬಿಸಿ ತಾಗುತ್ತಿತ್ತು, ಎಸೆದು ಒಳಗೆ ಬರುತ್ತಿದ್ದೆ. ಮತ್ತೆ ಬೇಕೆಂದರೆ ಜಾಕೆಟ್ ಹಾಕಬೇಕು, ಚಳಿಗೆ ಹೋಗಬೇಕು, ಹೆಂಡತಿಯ ಮುಖ ನೋಡಬೇಕು. ಇದಕ್ಕೆ ಹೊರಗೆ ಹೋಗುವ ಕೆಲಸವೇ ಇಲ್ಲ. ಟಿವಿ ನೋಡುತ್ತಾ ಎಳಿ, ಅನ್ನಕ್ಕೆ ಕುಕ್ಕರ್ ಇಟ್ಟು ಎಳಿ, ಸುಮ್ನೆ ಎಳಿ. ಮುಗಿಯಿತು ಅಂತ ಅದು ಹೇಳುವುದೇ ಇಲ್ಲ. ಹೇಳುತ್ತಿರುವುದು ಆ ಸಂಖ್ಯೆ ಮಾತ್ರ. ಇಪ್ಪತ್ತು ಪೌಂಡಿಗೆ ನನಗೆ ನಿಜವಾಗಿ ಸಿಕ್ಕಿದ್ದು ಅದೇ ಅನ್ನಿಸುತ್ತಿದೆ.

ಎಂಟು ಗಂಟೆಗೆ ಮಗಳ ಜೊತೆ ಪಟಾಕಿ ನೋಡಲು ಹಿತ್ತಲಿಗೆ ಹೋದೆ. ವೇಪನ್ನು ಫ್ರಿಜ್ಜಿನ ಮೇಲಿಟ್ಟೆ. ದ್ರವದ ಬಾಟಲಿ ಇನ್ನೂ ಮೇಲೆ, ಕಪಾಟಿನೊಳಗೆ. ನಿಕೋಟಿನ್ ಮಕ್ಕಳ ಹೊಟ್ಟೆಗೆ ಹೋದರೆ ವಿಷ. ಅರ್ಧ ಗಂಟೆ ನಿಂತಿದ್ದೆವು. ಯಾರೋ ಸುರುಸುರುಬತ್ತಿ ಹಚ್ಚಿದಾಗ ಬೆಂಕಿಕಡ್ಡಿ ಗೀರಿದ ವಾಸನೆ ಬಂದು, ಬೆರಳೆರಡು ತಾವಾಗಿ ಅಗಲವಾದವು. ಹದಿನಾಲ್ಕು ತಿಂಗಳಾದರೂ! ಮಗಳು ನೋಡಲಿಲ್ಲ. ಕೈ ಜೇಬಿಗೆ ಹಾಕಿಕೊಂಡೆ.

ನಾಳೆ 10 ಮಿಲಿಗ್ರಾಂ ಬಾಟಲಿ ತರಬೇಕು, ಅಂಗಡಿ ಭಾನುವಾರ ಹನ್ನೊಂದಕ್ಕೆ ತೆಗೆಯುತ್ತಾರೆ. ಊಟದ ಟೇಬಲ್ಲಿಗೆ ಇದನ್ನು ತರಬಾರದು. ಹೆಂಡತಿ ಆಗಲೇ ಮೇಲಿನಿಂದ ಎರಡು ಸಲ ಕೂಗಿದ್ದಾಳೆ, ಲೈಟ್ ಆರಿಸಿ ಬನ್ನಿ ಅಂತ.

ಬರೆಯಲು ಕೂತಾಗ 163 ಇತ್ತಲ್ಲ. ಈಗ 181.