ಯಾವ ಇಂಪೀರಿಯಲ್? ತಂಬಾಕು ಕಂಪನಿಯ ಫೈಲಿನಿಂದ ಕಲಿತ ಕೆಲಸ

ಕಂಪನಿಗಳ ಪೂರ್ವಾಪರ ಹುಡುಕುವುದು ನನ್ನ ಕೆಲಸ. ಯಾರಾದರೂ ದುಡ್ಡು ಹಾಕುವ ಮುಂಚೆ ಆ ಕಂಪನಿ ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಹಳೇ ಕೇಸು ಈಗ ಯಾರ ತಲೆ ಮೇಲಿದೆ ಅಂತ ಬರೆದುಕೊಡುತ್ತೇವೆ. ಟೀಮಿಗೆ ಹೊಸಬರು ಬಂದರೆ ಅಭ್ಯಾಸಕ್ಕೆ ನಾನು ಕೊಡುವುದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ, ಅಂದರೆ ಬಿಎಟಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

1901ರಲ್ಲಿ ಅಮೆರಿಕನ್ ಟೊಬ್ಯಾಕೊದ ಜೇಮ್ಸ್ ಬ್ಯುಕ್ಯಾನನ್ ಡ್ಯೂಕ್ ಲಿವರ್‌ಪೂಲಿಗೆ ಬಂದು ಆಗ್ಡನ್ಸ್ ಕಂಪನಿಯನ್ನು ಕೊಂಡರು. ಬ್ರಿಟನ್ನಿನ 13 ತಂಬಾಕು ಕಂಪನಿಗಳು ಗಾಬರಿಯಾಗಿ ಒಂದಾದವು. ಬ್ರಿಸ್ಟಲಿನ ವಿಲ್ಸ್ ಕೂಡ ಅದರಲ್ಲಿತ್ತು. ಹೀಗೆ ಹುಟ್ಟಿದ್ದು ಇಂಪೀರಿಯಲ್ ಟೊಬ್ಯಾಕೊ. ಮರುವರ್ಷ ರಾಜಿ ಆಯಿತು: ನಿಮ್ಮ ದೇಶಕ್ಕೆ ನಾವು ಬರಲ್ಲ, ನಮ್ಮ ದೇಶಕ್ಕೆ ನೀವು ಬರಬೇಡಿ, ಮಿಕ್ಕ ಜಗತ್ತಿಗೆ ಇಬ್ಬರೂ ಸೇರಿ ಒಂದು ಕಂಪನಿ ಮಾಡೋಣ. ಅದೇ ಬಿಎಟಿ. ಮೂರರಲ್ಲಿ ಎರಡು ಪಾಲು ಅಮೆರಿಕದವರದ್ದು, ಒಂದು ಪಾಲು ಇಂಪೀರಿಯಲ್‌ದು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡ್ಯೂಕ್ ಅವರ ಕಂಪನಿಯನ್ನು ಒಡೆಯಿತು, ಬಿಎಟಿಯಲ್ಲಿದ್ದ ಅವರ ಪಾಲು ಕೈತಪ್ಪಿತು. 1994ರಲ್ಲಿ ಬಿಎಟಿಯೇ ಆ ಅಮೆರಿಕನ್ ಟೊಬ್ಯಾಕೊವನ್ನು ಕೊಂಡುಕೊಂಡಿತು.

ಹೊಸಬರು ದಾರಿ ತಪ್ಪುವುದು ಇಂಪೀರಿಯಲ್ ಹತ್ತಿರ. ಬ್ರಿಟನ್ನಿನ ಇಂಪೀರಿಯಲ್ 1980ರಲ್ಲಿ ಬಿಎಟಿಯ ಕೊನೆಯ ಷೇರುಗಳನ್ನೂ ಮಾರಿತು, ಈಗ ಅದು ಎದುರಾಳಿ. ಆದರೆ ಇಂಪೀರಿಯಲ್ ಟೊಬ್ಯಾಕೊ ಕೆನಡಾ ಪೂರ್ತಿ ಬಿಎಟಿಯದ್ದು. 1910ರ ಆಗಸ್ಟ್ 24ರಂದು ಕೋಲ್ಕತ್ತಾದಲ್ಲಿ ಶುರುವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಕೂಡ ಬಿಎಟಿ ಕಡೆಯದ್ದೇ. ಅದು 1970ರಲ್ಲಿ ಇಂಡಿಯಾ ಟೊಬ್ಯಾಕೊ ಆಯಿತು, 1974ರಲ್ಲಿ ಐಟಿಸಿ ಆಯಿತು. ಹುಣಸೂರು, ಪಿರಿಯಾಪಟ್ಟಣದ ಹರಾಜಿನಲ್ಲಿ ನಮ್ಮ ರೈತರ ವರ್ಜೀನಿಯಾ ಎಲೆ ಕೊಳ್ಳುವ ಅದೇ ಐಟಿಸಿ. ಹೆಸರು ಎಷ್ಟು ಸಲ ಬದಲಾದರೂ ಅದರ ಸಿಐಎನ್, ಅಂದರೆ ಕಂಪನಿಯ ನೋಂದಣಿ ಸಂಖ್ಯೆ ನೋಡಿ, ನಡುವೆ ಡಬ್ಲ್ಯೂಬಿ 1910 (ಪಶ್ಚಿಮ ಬಂಗಾಳ, 1910) ಅಂತ ಇವತ್ತಿಗೂ ಇದೆ. ಹಾಗಂತ ಐಟಿಸಿಯನ್ನು ಬಿಎಟಿಯ ಅಂಗಸಂಸ್ಥೆ ಅಂತ ಬರೆಯುವ ಹಾಗಿಲ್ಲ. ಬಿಎಟಿ ಬರೀ ದೊಡ್ಡ ಷೇರುದಾರ, 2024ರ ಮಾರ್ಚಿನಲ್ಲಿ ಶೇ 3.5ರಷ್ಟು ಪಾಲು ಮಾರಿತು, 2025ರಲ್ಲಿ ಇನ್ನೂ ಸ್ವಲ್ಪ ಮಾರಿತು.

ಇಷ್ಟು ಕೂದಲು ಸೀಳಬೇಕಾ ಅಂತ ಕೇಳಿದರೆ ನಾನು ಕೆನಡಾ ತೋರಿಸುತ್ತೇನೆ. ಕ್ವಿಬೆಕ್‌ನಲ್ಲಿ ಸಿಗರೇಟಿನಿಂದ ಕಾಯಿಲೆ ಬಿದ್ದವರ ಪರವಾಗಿ 1998ರಲ್ಲಿ ಕೇಸು ಹಾಕಿದರು. 2015ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕೆನಡಾ ಸೇರಿ ಮೂರು ಕಂಪನಿಗಳ ವಿರುದ್ಧ ತೀರ್ಪು ಬಂತು. 2019ರ ಮಾರ್ಚಿನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿದ ಕೂಡಲೇ ಇಂಪೀರಿಯಲ್ ಟೊಬ್ಯಾಕೊ ಕೆನಡಾ, ಬಾಕಿ ವಸೂಲಿಗೆ ಬರುವವರಿಂದ ರಕ್ಷಣೆ ಕೊಡಿ ಅಂತ ಕೋರ್ಟಿಗೆ ಹೋಯಿತು. ಮೂರೂ ಕಂಪನಿ ಸೇರಿ 3,250 ಕೋಟಿ ಕೆನಡಾ ಡಾಲರ್ ಕೊಡುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಅಷ್ಟರಲ್ಲಿ ಎಷ್ಟೋ ರೋಗಿಗಳು ತೀರಿಕೊಂಡಿದ್ದರು. ಇಂಥ ಹೊಣೆಯನ್ನು ಹೆಸರು ನೋಡಿ ಬ್ರಿಟನ್ನಿನ ಇಂಪೀರಿಯಲ್ ಲೆಕ್ಕಕ್ಕೆ ಬರೆದರೆ ಹಣ ಹಾಕುವವರಿಗೂ ಮೋಸ, ನೊಂದವರಿಗೂ ಅನ್ಯಾಯ, ಅಲ್ವಾ?

ಅದಕ್ಕೇ ವರದಿಯಲ್ಲಿ ಸುಮ್ನೆ ‘ಇಂಪೀರಿಯಲ್’ ಅಂತಿದ್ದರೆ ನಾನು ವಾಪಸ್ ಕಳಿಸುತ್ತೇನೆ. ಯಾವ ದೇಶದ್ದು, ನೋಂದಣಿ ಸಂಖ್ಯೆ ಏನು, ಆ ವರ್ಷ ಷೇರು ಯಾರ ಹತ್ತಿರ ಇತ್ತು, ಮೂರೂ ಬೇಕು. ಕಂಪನಿಯವರೇ ಬರೆದ ‘ನಮ್ಮ ಇತಿಹಾಸ’ವನ್ನು ಕೊನೆಗೆ ಓದಿ. ನೋಂದಣಿ ಕಾಗದ, ವಾರ್ಷಿಕ ವರದಿ, ಕೋರ್ಟ್ ತೀರ್ಪು ಮೊದಲು.